ಬೇಸ್‌ಮೆಂಟಿನ ರಾಜಕುಮಾರಿ

ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಯಲ್ಲಿ ಅಜ್ಜಿ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಎತ್ತುವವರೆಗೆ ಯಾರಿಗೂ ನೆಮ್ಮದಿ ಇರಲಿಲ್ಲ. ಅವಳು ಅಪ್ಪನ ತಾಯಿ. ತಾತ ತೀರಿಕೊಂಡ ಮೇಲೆ ಮೈಸೂರಿನಿಂದ ನಮ್ಮಲ್ಲಿಗೆ ಬಂದು, ಅಡುಗೆಮನೆಯ ಪಕ್ಕದ ಕೋಣೆಯನ್ನು ತನ್ನದು ಮಾಡಿಕೊಂಡಿದ್ದಳು. ಅಲ್ಲಿನ ಕುರ್ಚಿಯಲ್ಲಿ ಕೂತರೆ ಗರಾಜಿನ ಬಾಗಿಲು, ಗೋಡೆಯ ಫೋನು, ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲು, ಒಲೆಯ ಮೇಲಿನ ಪಾತ್ರೆ, ಎಲ್ಲವೂ ಕಾಣುತ್ತಿದ್ದವು. ಅವಳು ದನಿ ಏರಿಸಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಮನಸ್ಸಿಗೆ ಏನಾದರೂ ಚುಚ್ಚಿದರೆ ಹಸಿವಿಲ್ಲ ಎನ್ನುತ್ತಿದ್ದಳು, ಅಷ್ಟೇ. ಆಗ ಅಮ್ಮ ಒಲೆ ಆರಿಸಿ, ಬೆಳಗಿನಿಂದ ತಾನು ಆಡಿದ್ದನ್ನೂ ಮಾಡಿದ್ದನ್ನೂ ಮನಸ್ಸಿನಲ್ಲೇ ತಿರುವಿಹಾಕುತ್ತಾ ನಿಲ್ಲುತ್ತಿದ್ದಳು. ಅಪ್ಪ ಕಲಸಿದ ಅನ್ನದ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂರುತ್ತಿದ್ದರು. ನಾನು ಮತ್ತು ನನಗಿಂತ ಏಳು ವರ್ಷ ದೊಡ್ಡವಳಾದ ನಳಿನಿ ಅಕ್ಕ ಮೇಜಿನ ಕೆಳಗೆ ಒಬ್ಬರ ಕಾಲನ್ನೊಬ್ಬರು ಮುಟ್ಟಿ, ಇವತ್ತು ತಪ್ಪು ಯಾರದು ಎಂದು ಕಣ್ಣಲ್ಲೇ ಕೇಳಿಕೊಳ್ಳುತ್ತಿದ್ದೆವು.

ಜಪಾನಿ ಕಾರುಗಳು ಬಂದು, ಕಾರಿನ ಊರಿನಲ್ಲಿ ಕಾರು ಮಾಡುವವರಿಗೇ ಕೆಲಸವಿಲ್ಲದ ವರ್ಷಗಳವು. ಅಪ್ಪ ಕಾರಿನ ಬಾಗಿಲುಗಳನ್ನು ಒತ್ತುವ ಅಚ್ಚುಗಳ ಡಿಸೈನ್ ಮಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಒಬ್ಬೊಬ್ಬರೇ ಗಂಡಸರು ಹಗಲಿನಲ್ಲಿ ಮನೆಯ ಮುಂದೆ ಕಾಣಿಸತೊಡಗಿದರು; ಒಂದು ಸೋಮವಾರ ಅಪ್ಪನೂ ಅವರಲ್ಲೊಬ್ಬರಾದರು. ಮೊದಲ ವಾರವೆಲ್ಲ ಟೈ ಕಟ್ಟಿಕೊಂಡೇ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಅರ್ಜಿಗಳನ್ನು ಟೈಪ್ ಮಾಡಿದರು. ಆಮೇಲೆ ಟೈ ಹೋಯಿತು, ಆಮೇಲೆ ಟೈಪ್‌ರೈಟರಿಗೆ ಮುಸುಕು ಬಿತ್ತು. ಫೋನು ಹೊಡೆದುಕೊಂಡರೆ ಅಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನಾವು ಎತ್ತಿ ಯಾರೆಂದು ಕೇಳಿ, ಗಾಜಿನ ಬಾಗಿಲಿನಿಂದ ಸನ್ನೆ ಮಾಡಬೇಕಿತ್ತು. ಅಮ್ಮ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. ಅವಳು ಎರಡೆರಡು ಪಾಳಿ ಮಾಡತೊಡಗಿದಳು. ಬೇಸ್‌ಮೆಂಟಿನ ಕೋಣೆಯನ್ನು ಬಾಡಿಗೆಗೆ ಕೊಟ್ಟದ್ದು ಆಗಲೇ.

ಬಂದವರು ಮಿಸೆಸ್ ಲಿಯಾಂಗ್. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು, ಗಂಡ ತೀರಿಕೊಂಡಿದ್ದ. ಕಾಲೇಜೊಂದರಲ್ಲಿ ಚೀನಾದ ಇತಿಹಾಸ ಕಲಿಸುತ್ತಿದ್ದರಂತೆ, ಆ ವರ್ಷ ಅವರ ಪಾಠಗಳನ್ನೇ ಕಾಲೇಜು ಕೈಬಿಟ್ಟಿತ್ತು. ಮನೆಯೊಳಗೆ ಮಾಂಸ, ಮೊಟ್ಟೆ ಕೂಡದು ಎಂಬ ಅಜ್ಜಿಯ ಷರತ್ತಿಗೆ ಒಂದೇ ಮಾತಿಗೆ ಒಪ್ಪಿದರು. ಆದರೂ ಅಜ್ಜಿ ಎರಡು ದಿನ ಅವರನ್ನು ಕಣ್ಣಲ್ಲೇ ಕಾದಳು. ಮೂರನೆಯ ದಿನ, ಆಕೆ ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ಆ ಕಲಗಚ್ಚನ್ನು ಚೆಲ್ಲದೆ ಕಿಟಕಿಯ ತುಳಸಿಗೆ ಹಾಕಿದ್ದನ್ನು ನೋಡಿ, ಹೆಂಗಸು ಪರವಾಗಿಲ್ಲ ಎಂದು ಅಮ್ಮನಿಗೆ ಹೇಳಿದಳಂತೆ. ಅಂದಿನಿಂದ ಅವರು ನಮಗೆ ಲಿಯಾಂಗ್ ಆಂಟಿ.

ಅವರ ಕೋಣೆಯ ಒಂದು ಗೋಡೆಯ ತುಂಬ ಕಪ್ಪುಬಿಳುಪಿನ ಫೋಟೋಗಳು. ಒಂದು ಗೋರಿಯ ಒಳಗೋಡೆಯ ಚಿತ್ರಗಳವು. ಎತ್ತರದ ತುರುಬು ಕಟ್ಟಿದ ಹೆಂಗಸರು ಸಾಲಾಗಿ ಎಲ್ಲಿಗೋ ಹೊರಟಿದ್ದರು; ಒಬ್ಬಳ ಕೈಯಲ್ಲಿ ಬೀಸಣಿಗೆ, ಒಬ್ಬಳ ಕೈಯಲ್ಲಿ ಬಟ್ಟಲು, ಇನ್ನೊಬ್ಬಳ ಕೈಯಲ್ಲಿ ಮೇಣದ ಬತ್ತಿ. ಯಾರೂ ನಗುತ್ತಿರಲಿಲ್ಲ. ಅವರೆಲ್ಲ ಸತ್ತ ರಾಜಕುಮಾರಿಯ ಸೇವೆಗೆಂದು ಮಣ್ಣಿನೊಳಗೆ ನಿಂತವರು ಎಂದು ಆಂಟಿ ಹೇಳಿದಾಗ ನನಗೆ ಆ ಗೋಡೆಗೆ ಬೆನ್ನು ಹಾಕಿ ಕೂರುವುದೂ ಕಷ್ಟ, ಮುಖ ಮಾಡಿ ಕೂರುವುದೂ ಕಷ್ಟ. ಅಕ್ಕನಿಗೆ ಮಾತ್ರ ಹುಚ್ಚು ಹಿಡಿಯಿತು. ಸ್ಕೂಲಿನಿಂದ ಬಂದವಳೇ ಸ್ಕೆಚ್ ಪುಸ್ತಕ ಎತ್ತಿಕೊಂಡು ಕೆಳಗಿಳಿದು ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಬರೆಯುತ್ತಿದ್ದಳು. ಆಂಟಿ ಆ ರಾಜಕುಮಾರಿಯ ಬಗ್ಗೆಯೇ ಪುಸ್ತಕ ಬರೆಯುತ್ತಿದ್ದರು. ಬರೆದಷ್ಟನ್ನು ಇಂಗ್ಲಿಷಿನಲ್ಲಿ ನಮಗೆ ಹೇಳುತ್ತಿದ್ದರು.

ಸಾವಿರದ ಮುನ್ನೂರು ವರ್ಷಗಳ ಹಿಂದಿನ ಹುಡುಗಿ ಆಕೆ. ಅವಳ ಅಪ್ಪ ಚಕ್ರವರ್ತಿಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಹೆತ್ತ ತಾಯಿಯೇ ಅವನನ್ನು ಸಿಂಹಾಸನದಿಂದ ಇಳಿಸಿ ಬೆಟ್ಟದ ಸೀಮೆಗೆ ಗಡೀಪಾರು ಮಾಡಿದಳು. ಕೆಲವು ವರ್ಷಗಳಲ್ಲಿ ತಾನೇ ಸಿಂಹಾಸನವೇರಿದಳು. ರಾಜಕುಮಾರಿ ಹುಟ್ಟಿದ್ದೇ ಗಡೀಪಾರಿನಲ್ಲಿ. ರಾಜಧಾನಿಯಿಂದ ದೂತ ಬಂದನೆಂದರೆ ಅವಳ ಅಪ್ಪ, ಕೊಲ್ಲಲು ಬಂದರೆಂದು ತಾನೇ ಸಾಯಲು ಹೊರಡುತ್ತಿದ್ದನಂತೆ. ಹೆಂಡತಿ ಹಿಡಿದು ನಿಲ್ಲಿಸುತ್ತಿದ್ದಳಂತೆ. ಇದನ್ನು ಕೇಳಿದಾಗ ಅಕ್ಕ ಪೆನ್ಸಿಲ್ ಕೆಳಗಿಟ್ಟು ಮೇಲಕ್ಕೆ, ಅಪ್ಪ ಓಡಾಡುತ್ತಿದ್ದ ಸಪ್ಪಳದ ಕಡೆಗೆ, ತಲೆಯೆತ್ತಿ ನೋಡಿದ್ದು ನನಗೆ ನೆನಪಿದೆ. ಹದಿನಾಲ್ಕು ವರ್ಷಗಳ ಮೇಲೆ ರಾಜಕುಮಾರಿಯ ಅಜ್ಜಿ ಅವರನ್ನೆಲ್ಲ ವಾಪಸು ಕರೆಸಿಕೊಂಡಳು. ತನ್ನ ತವರಿನ ಹುಡುಗನಿಗೇ ಮೊಮ್ಮಗಳನ್ನು ಕೊಟ್ಟು ಮದುವೆ ಮಾಡಿದಳು. ವಯಸ್ಸಾಗಿದ್ದ ಆ ಅಜ್ಜಿಯ ಸುತ್ತ ಆಗ ಅವಳಿಗೆ ಮೆಚ್ಚಾದ ಇಬ್ಬರು ಚೆಲುವರಿದ್ದರು, ಅಣ್ಣತಮ್ಮಂದಿರು. ಅವರು ಹೇಳಿದ್ದೇ ರಾಜ್ಯದಲ್ಲಿ ನಡೆಯುತ್ತಿತ್ತು. ರಾಜಕುಮಾರಿ, ಅವಳ ಅಣ್ಣ, ಅವಳ ಗಂಡ, ಮೂವರೂ ಈ ವಿಷಯವನ್ನು ತಮ್ಮತಮ್ಮಲ್ಲೇ ಆಡಿಕೊಂಡರು. ಮಾತು ಅಜ್ಜಿಯ ಕಿವಿಗೆ ಬಿತ್ತು. ಅವಳ ಅಪ್ಪಣೆಯಂತೆ ಮೂವರೂ ಸತ್ತರು. ಅವಳಿಗಿನ್ನೂ ಹದಿನೇಳು.

ಚಾಡಿ ಹೇಳಿದ್ದು ಯಾರು ಎಂದು ನಾನು ಕೇಳಿದೆ. ಆ ಅಣ್ಣತಮ್ಮಂದಿರೇ ದೂರು ಕೊಟ್ಟರೆಂದು ಬರೆದಿದ್ದಾರೆ, ಆದರೆ ಮನೆಯೊಳಗಿನ ಪಿಸುಮಾತು ಅವರವರೆಗೆ ಹೇಗೆ ಹೋಯಿತೆಂದು ಯಾರೂ ಬರೆದಿಲ್ಲ ಎಂದರು ಆಂಟಿ. ಇನ್ನೂ ಒಂದು ತೊಡಕಿತ್ತು. ಆ ಅಜ್ಜಿ ಗದ್ದುಗೆಯಿಂದಿಳಿದ ಮೇಲೆ ರಾಜಕುಮಾರಿಯ ಅಪ್ಪ ಮತ್ತೆ ಚಕ್ರವರ್ತಿಯಾದ. ಮಗಳ ಶವವನ್ನು ದೂರದಿಂದ ತರಿಸಿ, ಚಕ್ರವರ್ತಿಗಳಿಗೆ ಮಾತ್ರ ಸಲ್ಲುವಂಥ ಗೋರಿ ಕಟ್ಟಿಸಿದ, ಅದೂ ಆ ಅಜ್ಜಿಯ ಸಮಾಧಿಯ ಹತ್ತಿರವೇ. ಒಳಗೆ ಕಲ್ಲಿನಲ್ಲಿ ಅವಳ ಕತೆ ಕೆತ್ತಿಸಿದ. ಆ ಕಲ್ಲಿನ ಪ್ರಕಾರ ಅವಳನ್ನು ಯಾರೂ ಕೊಂದಿಲ್ಲ. ಬಸುರಿನ ತೊಂದರೆಯಿಂದ ಸತ್ತಳು. ಇತಿಹಾಸ ಬರೆದವರು ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಹೇಳುತ್ತಾನೆ. ಆಂಟಿಯ ಪುಸ್ತಕವೆಲ್ಲ ಆ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಕೆಳಗೆ ಇಷ್ಟು ಹೊತ್ತು ಏನು ನಡೆಯುತ್ತದೆ ಎಂದು ಅಜ್ಜಿ ಒಂದು ಸಂಜೆ ಕೇಳಿದಳು. ಅಕ್ಕ ತನ್ನ ಅರೆಬರೆ ಕನ್ನಡದಲ್ಲಿ ಕತೆಯನ್ನೆಲ್ಲ ಹೇಳಿದಳು. ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಾ ಕೇಳಿಸಿಕೊಂಡಳು.

"ಹುಡುಗಿ ಅಪ್ಪ ಏನ್ ಮಾಡ್ತಿದ್ದ ಆಗ?"

"ಸುಮ್ನಿದ್ದ."

"ಹಾಗಾದ್ರೆ ಅವನ ಹೆಸರೂ ಸೇರಿಸ್ಬೇಕು. ಬರೀ ಮುದುಕಿ ಮೇಲೆ ಹಾಕೋದು ಸರಿಯಲ್ಲ."

ಅಷ್ಟು ಹೇಳಿ ಹುರುಳಿಕಾಯಿ ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅಕ್ಕ ನಮ್ಮಿಬ್ಬರ ನಡುವೆ ಅಜ್ಜಿಯನ್ನು ಎಂಪ್ರೆಸ್ ಎಂದು ಕರೆಯತೊಡಗಿದಳು. ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆ ಹೆಸರು ನಮ್ಮಿಬ್ಬರದೇ ಎಂಬುದೇ ನನಗೆ ದೊಡ್ಡ ಹೆಮ್ಮೆ.

ನಾನು ಆ ಹೆಮ್ಮೆಯನ್ನು ಕಳೆದುಕೊಂಡದ್ದು ಒಂದು ಲೋಟ ಕಿತ್ತಳೆ ರಸದಿಂದ. ಅಕ್ಕ ಎರಡು ವಾರ ಕೂತು ಬರೆದಿದ್ದ ಚಿತ್ರದ ಮೇಲೆ ನನ್ನ ಕೈಯಿಂದ ಅದು ಚೆಲ್ಲಿತು. ಅವಳು ಬೈಯಲಿಲ್ಲ, ನನ್ನ ರಟ್ಟೆ ಹಿಡಿದು ಮೆಟ್ಟಿಲಿನ ಮೇಲೆ ಬಿಟ್ಟು ಬಾಗಿಲ ಚಿಲಕ ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿಯಿಟ್ಟು ಕೂತೆ. ಒಳಗೆ ಅಕ್ಕ ಆಂಟಿಯ ಹತ್ತಿರ ಅಳುತ್ತಿದ್ದಳು, ಚಿತ್ರಕ್ಕಾಗಿ ಅಲ್ಲ. ಅಪ್ಪನಿಗೆ ಕೆಲಸ ಹೋದದ್ದು ಅಮ್ಮನ ಕಾಲ್ಗುಣದಿಂದ ಎಂದು ಅಜ್ಜಿ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅಪ್ಪನಿಗೆ ಅದು ಗೊತ್ತಿದ್ದೂ ಸುಮ್ಮನಿದ್ದಾರೆ ಎಂದಳು. ಮೇಲೆ ಕೂತಿರುವ ಎಂಪ್ರೆಸ್ ಸತ್ತರೇ ಈ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಮಾತಾಡುವುದು ಎಂದಳು. ಆಂಟಿ ಏನೋ ಮೆಲ್ಲಗೆ ಹೇಳಿದರು, ನನಗೆ ಕೇಳಿಸಲಿಲ್ಲ.

ನಾನು ನೇರವಾಗಿ ಅಜ್ಜಿಯ ಕೋಣೆಗೆ ಹೋದೆ. ಒಂಬತ್ತು ವರ್ಷದವಳಿಗೆ ಅರ್ಥವಾಗುವುದಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನಗೆ ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ಹೇಳಿದೆ.

"ಅಜ್ಜಿ, ಅಕ್ಕ ನಿನ್ನ ಎಂಪ್ರೆಸ್ ಅಂತಾಳೆ. ಮೊಮ್ಮಗಳನ್ನ ಸಾಯಿಸಿದ್ಲಲ್ಲ, ಅವಳು. ನೀನು ಸತ್ರೆ ಚೆನ್ನಾಗಿರತ್ತಂತೆ."

ಅಜ್ಜಿ ನನ್ನ ತಲೆ ಸವರಿ, ಡಬ್ಬಿಯಿಂದ ಕೊಬ್ಬರಿ ಸಕ್ಕರೆ ತೆಗೆದು ಕೈಗಿಟ್ಟಳು. ಆ ಸಂಜೆ ಹಸಿವಿಲ್ಲ ಎಂದಳು. ಮರುದಿನವೂ ಅಂದಳು. ಮೂರನೆಯ ದಿನ ಅಪ್ಪ ತಟ್ಟೆ ಹಿಡಿದು ಅವಳ ಬಾಗಿಲಲ್ಲಿ ನಿಂತಾಗ, ತನ್ನನ್ನು ಇಲಿನಾಯ್‌ನ ವೆಸ್ಟ್‌ಮಂಟಿಗೆ, ಚಿಕ್ಕಪ್ಪನ ಮನೆಗೆ ಕಳಿಸಿಬಿಡು ಎಂದಳು. ತನ್ನ ಸಾವಿಗೆ ಕಾಯುವ ಮನೆಯಲ್ಲಿ ತನಗೆ ಅನ್ನ ಇಳಿಯುವುದಿಲ್ಲ ಎಂದಳು. ಅಪ್ಪ ಎಲ್ಲರನ್ನೂ ಅಡುಗೆಮನೆಗೆ ಕರೆದರು. ಅಕ್ಕ ತಾನು ಅಂದದ್ದು ನಿಜ ಎಂದು ಒಪ್ಪಿಕೊಂಡಳು. ಕ್ಷಮೆ ಕೇಳಲಿಲ್ಲ. ಫೋನಿನ ಮಾತನ್ನೂ ಎತ್ತಿದಳು, ಅಮ್ಮನ ಎದುರಿಗೇ. ಅಮ್ಮ ಸಿಂಕಿನ ಕಡೆ ತಿರುಗಿದಳು.

"ಯಾರು ಹೇಳಿದ್ರಮ್ಮ ನಿಂಗೆ ಇದನ್ನೆಲ್ಲ?" ಎಂದು ಅಪ್ಪ ಅಜ್ಜಿಯನ್ನು ಕೇಳಿದರು.

"ಯಾರು ಹೇಳ್ಬೇಕು? ನಂಗೆ ಕಿವಿ ಇಲ್ವಾ? ನಾನೇ ಕೇಳಿಸ್ಕೊಂಡೆ."

ಬೇಸ್‌ಮೆಂಟಿನಲ್ಲಿ ಅಕ್ಕ ಮಾತಾಡಿದ್ದು ಇಂಗ್ಲಿಷಿನಲ್ಲಿ. ಅಜ್ಜಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಏನೂ ಕೇಳಲಿಲ್ಲ.

ಕೆಲಸವಿಲ್ಲದ ಮಗ ತಾಯಿಯನ್ನೂ ಹೊರಗೆ ಹಾಕಿದ ಎಂದು ಊರೆಲ್ಲ ಆಡಿಕೊಳ್ಳುವುದನ್ನು ಅಪ್ಪನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲವೇನೋ. ಅಜ್ಜಿಯ ಬದಲು ಅಕ್ಕ ವೆಸ್ಟ್‌ಮಂಟಿಗೆ ಹೋಗುವುದು ಎಂದು ತೀರ್ಮಾನವಾಯಿತು. ಅಲ್ಲಿ ಸ್ಕೂಲು ಚೆನ್ನಾಗಿದೆ, ಕಾಲೇಜಿಗೆ ಅಪ್ಲೈ ಮಾಡಲು ಅನುಕೂಲ, ಚಿಕ್ಕಪ್ಪ ಮೊದಲಿಂದಲೂ ಕರೆಯುತ್ತಿದ್ದ. ಹೀಗೆ ಅಪ್ಪ ಎಲ್ಲರಿಗೂ ಹೇಳಿದರು, ಹೇಳಿ ಹೇಳಿ ತಾವೂ ನಂಬಿದರು. ಕ್ರಿಸ್ಮಸ್ ರಜೆ ಮುಗಿಯುವ ಹೊತ್ತಿಗೆ ಅಕ್ಕನನ್ನು ಕಾರಿನಲ್ಲಿ ಕರೆದೊಯ್ದರು. ಹೊರಡುವಾಗ ಅವಳು ನನಗೆ ಕೈ ಬೀಸಿದಳು. ನಾನು ಹೇಳಿದ್ದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಲಿಯಾಂಗ್ ಆಂಟಿಗೂ ಬೇರೆ ಕೋಣೆ ನೋಡಿಕೊಳ್ಳಲು ಅಪ್ಪ ಹೇಳಿದರು. ಆಂಟಿಯ ಜಪಾನಿ ಕಾರಿನ ಗಾಜು ಒಡೆದು, ಬಾನೆಟ್ಟಿನ ಮೇಲೆ ಯಾರೋ ಹೊಲಸು ಮಾತು ಗೀಚಿದ್ದ ವಾರವೇ ಅದು. ಅವರು ಫೋಟೋಗಳನ್ನು ಗೋಡೆಯಿಂದ ಬಿಡಿಸಿದರು. ಅವು ಇದ್ದ ಜಾಗದಲ್ಲಿ ಬಣ್ಣ ಮಾಸದೆ ಉಳಿದ ಚೌಕಗಳು ನಿಂತವು. ಅಜ್ಜಿ ಆ ಸಂಜೆ ಹೊಟ್ಟೆತುಂಬ ಅನ್ನ ತಿಂದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಚಿಕ್ಕಪ್ಪನ ಫೋನು ಬಂತು. ಎತ್ತಿದ್ದು ನಾನೇ. ಅಕ್ಕನಿಗೆ ಎರಡು ದಿನದಿಂದ ಜ್ವರ, ತಲೆನೋವು. ಆಗ ಸ್ಕೂಲಿನಲ್ಲಿ ಎಲ್ಲರಿಗೂ ಫ್ಲೂ. ಚಿಕ್ಕಮ್ಮ ಮಾತ್ರೆ ಕೊಟ್ಟು ಮಲಗಿಸಿದ್ದಳು. ಬೆಳಿಗ್ಗೆ ಕರೆದರೆ ಅಕ್ಕ ಕಣ್ಣು ತೆರೆಯಲಿಲ್ಲ. ಮೆದುಳಿನ ಪೊರೆಗೆ ಹತ್ತಿದ ಸೋಂಕು ಎಂದರು ಡಾಕ್ಟರು. ಅಪ್ಪ, ಅಮ್ಮ, ಅಜ್ಜಿ, ನಾನು, ನಾಲ್ವರೂ ಹೊರಟೆವು. ಮುನ್ನೂರು ಮೈಲಿ. ಸರೋವರದ ಅಂಚಿಗೆ ಬರುವಷ್ಟರಲ್ಲಿ ಹಿಮ ಎಷ್ಟು ಬೀಳುತ್ತಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ರಸ್ತೆಯೇ ಕಾಣುತ್ತಿರಲಿಲ್ಲ. ನಾವು ಆಸ್ಪತ್ರೆ ಸೇರುವ ಒಂದು ಗಂಟೆ ಮೊದಲು ಅಕ್ಕ ಹೋಗಿದ್ದಳು. ಚಿಕ್ಕಮ್ಮ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಅಪ್ಪನ ಹೆಗಲು ಹಿಡಿದು ಎರಡೆರಡು ಸಲ ಹೇಳಿದರು. ಅಪ್ಪ ಪ್ರತಿಸಲವೂ ಅವರಿಗೆ ಥ್ಯಾಂಕ್ಯೂ ಎಂದರು.

ತಿಂಗಳು ಕಳೆದ ಮೇಲೆ ಲಿಯಾಂಗ್ ಆಂಟಿ ಸ್ಟರ್ಲಿಂಗ್ ಹೈಟ್ಸ್‌ನ ಮನೆಗೆ ಬಂದರು. ಕ್ಯಾಲಿಫೋರ್ನಿಯಾದ ತಂಗಿಯ ಮನೆಗೆ ಹೊರಟಿದ್ದರು. ಅಮ್ಮ ಕೆಲಸಕ್ಕೆ ಹೋಗಿದ್ದಳು, ಅಪ್ಪ ಹಿತ್ತಲಿನಲ್ಲಿದ್ದರು. ಆಂಟಿ ಅಜ್ಜಿಯ ಕೋಣೆಗೆ ಹೋಗಿ ಎದುರಿಗೆ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಹಳ ಹೊತ್ತಿನ ಮೇಲೆ ಅಜ್ಜಿ ನನ್ನನ್ನು ಕರೆದಳು.

"ಆ ಮಹಾರಾಣಿ ಆಮೇಲೆ ಎಷ್ಟು ವರ್ಷ ಇದ್ಲು, ಕೇಳು."

ಕೇಳಿದೆ. ನಾಲ್ಕು ವರ್ಷ ಎಂದರು ಆಂಟಿ.

"ಅತ್ಲಂತಾ?"

ಅದನ್ನು ಎಲ್ಲೂ ಬರೆದಿಲ್ಲ ಎಂದರು. ಅಜ್ಜಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ನಾಲ್ಕು ವರ್ಷ ಜಾಸ್ತಿ ಆಯ್ತು."

ಅದನ್ನು ಇಂಗ್ಲಿಷಿಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ಆದರೂ ಲಿಯಾಂಗ್ ಆಂಟಿ ಮುಂದೆ ಬಾಗಿ ಅಜ್ಜಿಯ ಕೈಗಳನ್ನು ತಮ್ಮ ಕೈಗೆ ತೆಗೆದುಕೊಂಡರು. ಪರರ ಕೈ ಮುಟ್ಟಿದರೆ ಸ್ನಾನಕ್ಕೆ ಹೋಗುತ್ತಿದ್ದ ಅಜ್ಜಿ ಹಾಗೆಯೇ ಕೂತಿದ್ದಳು.

ಮುಂದಿನ ವರ್ಷ ಅಪ್ಪನಿಗೆ ಇಟಾಸ್ಕಾದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇಲಿನಾಯ್‌ಗೆ ಬಂದು ಮನೆ ಮಾಡಿದೆವು. ನಾಲ್ಕು ಮಲಗುವ ಕೋಣೆಯ ಮನೆಯೇ ಬೇಕೆಂದು ಅಪ್ಪ ಹಟ ಹಿಡಿದರು. ನಾಲ್ಕನೆಯದು ಅಕ್ಕನದು. ಅವಳು ಹಿಂದೆಂದೋ ಕೇಳಿ ಬೈಸಿಕೊಂಡಿದ್ದ ತಿಳಿಹಳದಿ ಬಣ್ಣವನ್ನು ತಾವೇ ಬಳಿದರು. ಶನಿವಾರ, ಭಾನುವಾರವೆಲ್ಲ ಗರಾಜಿನಲ್ಲಿ ಮರ ಕುಯ್ದು ಗೋಡೆಯುದ್ದಕ್ಕೂ ಕಪಾಟು ಕೂರಿಸಿದರು. ಅಚ್ಚಿನ ಕೆಲಸದವರಲ್ಲವೇ, ಒಂದು ಕೂದಲೆಳೆಯ ಸಂದು ಇರಲಿಲ್ಲ. ಹಾಸಿಗೆ, ಮೇಜು, ದೀಪ, ವೆಸ್ಟ್‌ಮಂಟಿನಿಂದ ಬಂದ ಪೆಟ್ಟಿಗೆಯಲ್ಲಿದ್ದ ಅವಳ ಸ್ಕೆಚ್ ಪುಸ್ತಕಗಳು. ಅವಳು ಒಂದು ದಿನವೂ ಕಾಲಿಡದ ಮನೆಯಲ್ಲಿ ಅವಳದೊಂದು ಕೋಣೆ. ಬಂದವರಿಗೆ ಅಪ್ಪ ಅದನ್ನು ತೆರೆದು ತೋರಿಸಿ, ಓದಲು ಹೋದಾಗ ಜ್ವರ ಬಂತು ಎನ್ನುತ್ತಿದ್ದರು. ಅಮ್ಮ ಅದರೊಳಗೆ ಹೋಗಿದ್ದನ್ನು ನಾನು ನೋಡಲಿಲ್ಲ. ಹೋಗುತ್ತಿದ್ದವಳು ಅಜ್ಜಿ. ಪ್ರತಿ ಶುಕ್ರವಾರ ಎಣ್ಣೆಸ್ನಾನ ಮುಗಿಸಿ, ಯಾರೂ ಮಲಗದ ಆ ಹಾಸಿಗೆಯ ಮೇಲುಹಾಸನ್ನು ತೆಗೆದು ಒಗೆಯಲು ಹಾಕಿ ಬೇರೆಯದನ್ನು ಹಾಸುತ್ತಿದ್ದಳು. ಹಸಿವಿಲ್ಲ ಎಂಬ ಮಾತನ್ನು ಅವಳು ಮತ್ತೆಂದೂ ಆಡಲಿಲ್ಲ. ಬಡಿಸಿದ್ದನ್ನೆಲ್ಲ ತಿನ್ನುತ್ತಿದ್ದಳು, ಶಿಕ್ಷೆಯ ಹಾಗೆ.

ಆ ಕೋಣೆಯ ಗೋಡೆಗೆ ನನ್ನ ಮಂಚದ ತಲೆಭಾಗ ತಾಗಿತ್ತು. ಅಲ್ಲಿ ಸದ್ದು ಕೇಳುತ್ತಿತ್ತು ಎಂದರೆ ನನ್ನ ಮಕ್ಕಳು ನಗುತ್ತಾರೆ. ಸದ್ದಲ್ಲ ಅದು. ಪಕ್ಕದ ಕೋಣೆಯಲ್ಲಿ ಯಾರೋ ಸದ್ದು ಮಾಡದಂತೆ ಎಚ್ಚರದಿಂದಿದ್ದಾರೆ ಎನ್ನಿಸುವುದು. ಅಕ್ಕನ ಉದ್ದನೆಯ ಕೋಟು ನನ್ನ ಅಳತೆಗೆ ಬಂತು. ಅದನ್ನೇ ಹಾಕಿಕೊಂಡು ಸ್ಕೂಲಿಗೆ ಹೋದೆ. ಅವಳ ವಯಸ್ಸಿಗೆ ಬಂದೆ, ಅದನ್ನೂ ದಾಟಿದೆ. ದಾಟಿದ ದಿನ ಕನ್ನಡಿಯ ಮುಂದೆ ನಿಲ್ಲಲು ಹೆದರಿದೆ. ಅಜ್ಜಿ ನನ್ನನ್ನು ನಳಿನಿ ಎಂದು ಕರೆಯುವುದು ಶುರುವಾಯಿತು. ನಾನು ತಿದ್ದಲಿಲ್ಲ, ಓಗೊಟ್ಟೆ. ಅಕ್ಕ ಹೋದ ಮೇಲೆ ಹನ್ನೊಂದು ವರ್ಷ ಬದುಕಿದಳು ಅಜ್ಜಿ. ನಾನು ಹೇಳಿದ್ದೆಂಬ ಮಾತನ್ನು ಯಾರ ಹತ್ತಿರವೂ ಆಡದೆ ತನ್ನೊಂದಿಗೇ ತೆಗೆದುಕೊಂಡು ಹೋದಳು. ಅಪ್ಪನೂ ಕೇಳದೆಯೇ ಹೋದರು. ಒಂದು ಮನೆಯಲ್ಲಿ ಇಬ್ಬರು ನನ್ನನ್ನು ಕಾಪಾಡಿದರು, ಅದು ನನಗೆ ಗೊತ್ತಿದೆಯೆಂದು ಇಬ್ಬರಿಗೂ ನಾನು ಹೇಳಲಿಲ್ಲ.

ಅಪ್ಪ ಹೋದ ಮರುವರ್ಷ ಮನೆ ಮಾರಿ, ಅಮ್ಮನನ್ನು ಮಿಶಿಗನ್‌ಗೆ, ನನ್ನ ಮನೆಗೆ ಕರೆದುಕೊಂಡು ಹೊರಟೆ. ಹಳೆಯ ಅದೇ ರಸ್ತೆ, ಬೇಸಿಗೆಯ ಹಗಲು. ಎಡಗಡೆ ಎಲ್ಲೋ ಮರಗಳಾಚೆ ಸರೋವರ. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದರೆ ಮಾತು ಸುಲಭವೆಂದು ನನ್ನ ಎಣಿಕೆ.

"ಅಮ್ಮ, ಅವತ್ತು ಅಜ್ಜಿಗೆ ಹೇಳಿದ್ದು ನಾನು. ಅಕ್ಕ ಅಂದಿದ್ದನ್ನ."

ನಾನು ಹೈವೇಯ ಎರಡು ಎಕ್ಸಿಟ್ ದಾಟಿದೆ.

"ನಳಿನಿ ನಂಗೆ ಲ್ಯಾಬಿಗೆ ಫೋನ್ ಮಾಡಿದ್ಲು," ಎಂದಳು ಅಮ್ಮ. "ಜ್ವರ ಬರೋಕೆ ಒಂದು ವಾರ ಮುಂಚೆ. ಅಮ್ಮ, ಮನೆಗೆ ಬಂದ್ಬಿಡ್ಲಾ ಅಂದ್ಲು. ಸಾರಿ ಹೇಳ್ತೀನಿ ಅಜ್ಜಿಗೆ ಅಂದ್ಲು. ಈಗ ಬೇಡ ಕಂದ, ಅಜ್ಜಿ ಈಗ ತಾನೇ ಸರಿಯಾಗಿ ಊಟ ಮಾಡ್ತಿದಾರೆ, ಯುಗಾದಿಗೆ ಬಾ ಅಂದೆ."

ನಾನು ಕಾರನ್ನು ನಿಧಾನ ಮಾಡಿ ಬಲಗಡೆಯ ಲೇನಿಗೆ ತಂದೆ. ಅವಳ ಕೈ ಹಿಡಿಯಲು ಒಂದು ಕೈ ಚಾಚಿದೆ. ಅವಳು ಹಿಡಿದುಕೊಂಡು, ಸ್ವಲ್ಪ ಹೊತ್ತಿನ ಮೇಲೆ, ರಸ್ತೆ ನೋಡು ಎಂದು ಬಿಟ್ಟಳು. ಇನ್ನೂ ಹತ್ತು ಮೈಲಿ ಹೋದ ಮೇಲೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಸಿವಾಗ್ತಿದೆ ಕಣೇ ಎಂದಳು. ಮುಂದಿನ ಎಕ್ಸಿಟ್‌ನಲ್ಲಿ ಕಾರು ಇಳಿಸಿದೆ.